ದೊಡ್ಡಮ್ಮನ ಸ್ವಂತ ಧಾಟಿ

ಜಯನಗರದ ನಮ್ಮ ಹಳೆಯ ಮನೆಯಲ್ಲಿ ಶುಕ್ರವಾರದ ಭಜನೆಗೆ ಸೇರುತ್ತಿದ್ದ ಹೆಂಗಸರು ದೇವರನಾಮಗಳನ್ನು ಸಿನಿಮಾ ಧಾಟಿಗೆ ಹೊಂದಿಸಿಕೊಂಡು ಹಾಡುತ್ತಿದ್ದರು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಯಾವ ಚಿತ್ರದ ಧಾಟಿ ಎಂದು ಮೊದಲೇ ಹೇಳಿ, ಒಂದು ಸಾಲು ಗುನುಗಿ ತೋರಿಸಿ, ಆಮೇಲೆ ತಾಳ ಕೈಗೆತ್ತಿಕೊಳ್ಳುತ್ತಿದ್ದರು. ಕೊನೆಯ ಆರತಿ ಹಾಡು ಮಾತ್ರ ಬೇರೆ. ಅದು ನಮ್ಮ ದೊಡ್ಡಮ್ಮನ ಸ್ವಂತ ಧಾಟಿ. ಮಕ್ಕಳಿಲ್ಲದ ಆಕೆಯೇ ನನ್ನನ್ನು ಎತ್ತಿ ಆಡಿಸಿ ಮಾತು ಕಲಿಸಿದವಳು. "ನಿಂಗೆ ದಡಾರ ಬಂದು ಮಲಗಿದ್ಯಲ್ಲ, ಆಗ ತಟ್ತಾ ತಟ್ತಾ ತಾನಾಗೇ ಬಂತು ಕಣೋ" ಎನ್ನುತ್ತಿದ್ದಳು. ನನ್ನ ಮದುವೆಯಲ್ಲೂ, ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೂ ಅದನ್ನೇ ಹಾಡಿಸಿದೆ. ನನಗಾಗಿ ಹುಟ್ಟಿದ ಹಾಡು ಎಂದು ಬಂದವರಿಗೆಲ್ಲ ಹೇಳಿದೆ.

ನಿವೃತ್ತಿಯಾದ ಮೇಲೆ ಹಳೆಯ ಹಿಂದಿ ಹಾಡುಗಳ ಹುಚ್ಚು ಹಿಡಿಯಿತು. ಗಿರಿನಗರದ ಸ್ನೇಹಿತರೊಬ್ಬರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಗ್ರಾಮಫೋನು ಹಾಕಿಕೊಂಡು ಕೂರುತ್ತೇವೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಹಾಡುವವರು ಮಾತ್ರ. ರಾಗ ಕೂರಿಸಿದವನೊಬ್ಬ ಹಿಂದೆ ಇದ್ದಾನೆ ಎಂಬುದೇ ಹೊಸ ಸುದ್ದಿ. ಒಬ್ಬ ಸಂಗೀತ ನಿರ್ದೇಶಕ ಚರಣಕ್ಕೆ ಮೊದಲು ಒಂದೇ ಸಿತಾರ್ ನುಡಿಸಿ ಸುಮ್ಮನಾಗುತ್ತಾನೆ. ಇನ್ನೊಬ್ಬನಿಗೆ ಪಿಟೀಲುಗಳ ದಂಡೇ ಬೇಕು. ಪಲ್ಲವಿಗೆ ಮುಂಚೆಯೇ ಇದು ಇಂಥವನದು ಎನ್ನುವಷ್ಟು ನನ್ನ ಕಿವಿ ಪಳಗಿತ್ತು.

ಕಳೆದ ತಿಂಗಳು ಹೀಗೇ ಒಂದು ಹಾಡು ಶುರುವಾಯಿತು. ಡೋಲಕ್, ಕೊಳಲು, ಆಮೇಲೆ ನಮ್ಮ ಆರತಿ.

"ಇದು ನಮ್ಮ ದೊಡ್ಡಮ್ಮ ಮಾಡಿದ್ದು!" ಎಂದೆ.

"ಏನ್ ಸಾರ್, ನಿಮ್ ದೊಡ್ಡಮ್ಮ ಬಾಂಬೆಲಿದ್ರಾ?" ಎಂದು ಸ್ನೇಹಿತರು ನಕ್ಕರು. "ಇದ್ರಲ್ಲಿ ಹೀರೋಯಿನ್ನು ಕುಡಿದವನ ಮುಂದೆ ಕುಣೀತಾಳೆ. ಆರತಿಯಂತೆ ಆರತಿ!"

ನಾನೂ ನಕ್ಕೆ. ಎದ್ದು ನೇರ ಜಯನಗರಕ್ಕೆ ಹೋದೆ.

ತೊಂಬತ್ತರ ಹತ್ತಿರ ಬಂದಿರುವ ದೊಡ್ಡಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ಫೋನಿನಲ್ಲಿ ಆ ಹಾಡು ಹಾಕಿ ಕಿವಿಯ ಹತ್ತಿರ ಹಿಡಿದೆ. ಮುಖ ಅರಳಿತು. ಕಣ್ಣು ಮುಚ್ಚಿಕೊಂಡು, ಒಂದಕ್ಷರ ತಪ್ಪದೆ, ಹಿಂದಿಯಲ್ಲೇ ಜೊತೆಗೆ ಹಾಡಿದಳು.

"ಹಾಗಾದ್ರೆ ದಡಾರದ ಕಥೆ?"

"ದಡಾರ ನಿಜಾನೇ ಕಣೋ. ಧಾಟಿ ಕುಡುಕನ ಮುಂದೆ ಕುಣಿಯೋ ಹಾಡಿಂದು ಅಂತ ಹೇಳಿದ್ರೆ ನಿಮ್ ತಾತ ಆರತಿ ತಟ್ಟೆ ಮುಟ್ಟೋಕೆ ಬಿಡ್ತಿದ್ರಾ?"

"ತಾತಂಗೆ ಹೇಳ್ದೇ ಇದ್ದಿದ್ದು ಸರಿ. ನಂಗ್ಯಾಕೆ ಸುಳ್ಳು ಹೇಳ್ದೆ?"

"ನೀನು ಅಳ್ತಿದ್ದೆ, ನಿಂಗೋಸ್ಕರಾನೇ ಬಂದ ಹಾಡು ಅಂದ ಮೇಲೆ ಸುಮ್ನಾದೆ." ಇನ್ನೊಂದು ಕಾಯಿ ಮುರಿದಳು. "ನಿಮ್ಮಣ್ಣಂಗೂ ಹಾಗೇ ಹೇಳಿದ್ದೆ, ಅವನು ಕೈ ಮುರ್ಕೊಂಡಾಗ."

ಧಾಟಿ ಎರವಲಾದದ್ದನ್ನು ನುಂಗಿಕೊಳ್ಳಬಹುದಿತ್ತು. ಅಣ್ಣನಿಗೂ ಅದೇ ಕಥೆ ಹೇಳಿದ್ದನ್ನು ಆಗಲಿಲ್ಲ. ಗೇಟಿನಾಚೆ ನಿಂತು ಪುಟ್ಟೇನಹಳ್ಳಿಯ ಅಣ್ಣನಿಗೆ ಫೋನ್ ಮಾಡಿ, ಆರತಿ ಹಾಡು ನೆನಪಿದೆಯಾ ಎಂದು ಕೇಳಿದೆ.

"ಮರೀತೀನೇನೋ! ನನ್ ಕೈ ಮುರಿದಾಗ ದೊಡ್ಡಮ್ಮ ನಂಗೋಸ್ಕರ ಕಟ್ಟಿದ್ದು. ನೀನು ಮದ್ವೇಲಿ ನಿಂದು ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ದೆ. ಪಾಪ, ಇರ್ಲಿ ಬಿಡು ಅಂತ ಸುಮ್ನಿದ್ದೆ."

ಅಷ್ಟು ವರ್ಷ ಅವನು ನನ್ನ ಮೇಲೆ ಕನಿಕರ ಪಟ್ಟಿದ್ದ. ಸಿನಿಮಾದ ಹೆಸರು, ಸಂಗೀತ ನಿರ್ದೇಶಕನ ಹೆಸರು, ಕುಡಿದವನ ಮುಂದಿನ ಕುಣಿತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.



"ನಂಗ್ಯಾಕೋ ಹೇಳ್ದೆ ಇದನ್ನ?" ಎಂದ ಅಣ್ಣ.