ಕೆನೆ ಕಟ್ಟಿದ ಚಾ

ತಿಪ್ಪೇಸ್ವಾಮಿಯವರು ರಾಕ್ ಆಲ್ಬಮ್ ಕೇಳಲು ಕೂರುವ ಮುನ್ನ ಚಪ್ಪಲಿ ಬಿಡುತ್ತಿದ್ದರು. ಕೈಕಾಲು ತೊಳೆದು, ಕತ್ತರಿಸದ ಜೀನ್ಸ್ ಬಟ್ಟೆಯ ಸುರುಳಿಯ ಮೇಲೆ ಗೋಡೆಗೆ ಮುಖಮಾಡಿ ಕೂತು, ಎದುರಿಗೆ ಒಂದು ಗ್ಲಾಸು ಚಾ ಇರಿಸಿಕೊಂಡು, ಕಣ್ಣು ಮುಚ್ಚಿ ಒಂದು ಬೆರಳು ಎತ್ತಿದರೆಂದರೆ ಆಲ್ಬಮ್ ಶುರುವಾಗಬೇಕು. ರಾಯದುರ್ಗದಲ್ಲಿ ಇಷ್ಟು ಮಡಿಯಿಂದ ಗಿಟಾರ್ ಕೇಳಿದವರು ಹಿಂದೆ ಇರಲಿಲ್ಲ, ಮುಂದೆ ಬರುವ ಸೂಚನೆಯೂ ಇಲ್ಲ.

ಅವರದು ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಘಟಕ. ಯಾವನೋ ವ್ಯಾಪಾರಿ ಜೇಬಿನ ಮೇಲೆ ಒಂದು ವಾದ್ಯತಂಡದ ತಲೆಬುರುಡೆ ಚಿಹ್ನೆ ಹೊಲಿದುಕೊಡಿ ಎಂದು ಕೇಳಿದನಂತೆ. "ಯಾರು ಏನು ಅಂತ ಗೊತ್ತಿಲ್ದ ಮಂದಿ ಬುರುಡಿ ನಾ ಹೊಲಿಯಂಗಿಲ್ಲ" ಎಂದು ಇವರು ಮೊದಲು ತಂಡದ ಹಾಡು ಕೇಳಿದರು. ಬುರುಡೆ ಹೊಲಿದದ್ದಾಯಿತು. ಹಾಡಿನ ಗೀಳು ಮಾತ್ರ ಉಳಿಯಿತು. ಹೊಸ ಆಲ್ಬಮ್ಮುಗಳು ಶುಕ್ರವಾರವೇ ಬರುತ್ತವೆಂದು ತಿಳಿದ ಮೇಲಂತೂ ಅವರ ಗೌರವ ಇಮ್ಮಡಿಯಾಯಿತು. "ಲಕ್ಷ್ಮೀ ದಿನ ನೋಡಿ ಬಿಡುಗಡೆ ಮಾಡ್ತಾರಂದ್ರ ಕೂದಲು ಬಿಟ್ರೂ ದೈವಭಕ್ತರ ಇರಬೇಕ್ರಿ ಮೇಷ್ಟ್ರ" ಎಂದು ನನಗೆ ಹೇಳಿದ್ದರು. ನಾನು ನಿವೃತ್ತ ಕನ್ನಡ ಮೇಷ್ಟ್ರು. ಘಟಕದ ಎದುರಿನ ಮನೆಯವನಾದ್ದರಿಂದ ಕೇಳುವುದೋ ಬಿಡುವುದೋ ನನ್ನ ಕೈಯಲ್ಲಿರಲಿಲ್ಲ.

ಶುಕ್ರವಾರ ಊಟವಾದ ಮೇಲೆ ಹೊಲಿಗೆಯಂತ್ರಗಳು ನಿಲ್ಲುತ್ತಿದ್ದವು. ಪಕ್ಕದ ಅಂಗಡಿಯ ಬಾಷಾ ಹಾಲಿನ ಚಾ ತಂದಿಡುತ್ತಿದ್ದ. ವಿಮರ್ಶೆಯೆಲ್ಲ ಆ ಚಾದಲ್ಲಿತ್ತು. ಹಾಡು ಸಪ್ಪೆಯಾದರೆ ತಿಪ್ಪೇಸ್ವಾಮಿಯವರ ಕೈ ತಾನಾಗಿ ಗ್ಲಾಸಿಗೆ ಹೋಗುತ್ತಿತ್ತು. ಬಿಸಿ ಇರುವಾಗಲೇ ಕುಡಿದರೆ ಆಲ್ಬಮ್ ಬಿದ್ದಂತೆ. ಚಾ ಮರೆತು, ಆರಿ, ಮೇಲೆ ಕೆನೆ ಕಟ್ಟಿದರೆ ಗೆದ್ದಂತೆ. "ಕೆನಿ ಕಟ್ಟೈತಿ" ಎಂಬ ತೀರ್ಪು ಸಂಜೆಯೊಳಗೆ ಬಸ್ ನಿಲ್ದಾಣ ಮುಟ್ಟುತ್ತಿತ್ತು. ಅಲ್ಲಿ ಯಾರೂ ಆ ಆಲ್ಬಮ್ ಕೇಳುತ್ತಿರಲಿಲ್ಲ. ತೀರ್ಪಿನ ಬಗ್ಗೆ ಮಾತ್ರ ಜಗಳವಾಡುತ್ತಿದ್ದರು.

ಹಾಡಿನ ಇಂಗ್ಲಿಷು ಅವರಿಗೆ ತಿಳಿಯುತ್ತಿರಲಿಲ್ಲ. ಅದನ್ನೇ ಅರ್ಹತೆಯೆಂದು ಅವರು ಭಾವಿಸಿದ್ದರು. "ಮಾತು ತಿಳಿದ್ರ ಮುಲಾಜು ಬರ್ತೈತ್ರಿ. ಪಾಪ, ಏನೋ ಸಂಕಟ ಹೇಳ್ತಾನ ಅನ್ನಿಸ್ತೈತಿ. ನನಗ ಸಂಕಟ ಬ್ಯಾಡ, ಹಾಡು ಬೇಕು."

ಮೆಲುದನಿಯ ಗಾಯಕರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ದವಾಖಾನಿ ವಾರ್ಡಿನಾಗ ಮಾತಾಡ್ದಂಗ ಹಾಡ್ತಾನಲ್ರಿ. ಮಗ್ಗಲು ಮಂಚದವ್ರು ಎದ್ದಾರು ಅಂತ ಅಂಜಿಕಿ." ಗಿಟಾರ್ ಒಂದೇ ಬಹಳ ಹೊತ್ತು ಸುತ್ತಾಡಿದ ಆಲ್ಬಮ್ಮಿಗೆ: "ಗುಮ್ಮಘಟ್ಟದ ಶೇರ್ ಆಟೋ ಇದು. ಗುರ್ ಗುರ್ ಅಂತೈತಿ, ಮಂದಿ ತುಂಬೋತನ ಹೊರಡಂಗಿಲ್ಲ." ನನ್ನ ಮನೆಯ ಕಿಟಕಿಯ ಗಾಜು ನಡುಗಿಸಿದ ಒಂದು ಹೆವಿ ಆಲ್ಬಮ್ಮಿಗೆ ಮಾತ್ರ ಗಟ್ಟಿ ಕೆನೆ ಕಟ್ಟಿತ್ತು. "ಓಬಳಾಪುರದ ಅದಿರು ಲಾರಿ ಸಾಲಾಗಿ ಬಂದಂಗ ಐತಿ, ಖರೇ. ಆದ್ರ ಒಂದೊಂದು ಲಾರಿಗೂ ಡ್ರೈವರ್ ಅದಾನ."

ಈ ಧರ್ಮನಿಷ್ಠೆಯಿಂದ ಒಂದು ಅನಾಹುತವೂ ಆಗಿತ್ತು. ಅವರ ಅಕ್ಕನನ್ನು ಮಡಕಶಿರಾ ಕಡೆಯ ಹಿಪ್ಪುನೇರಳೆ ಬೆಳೆಯುವ ಮನೆಗೆ ಕೊಟ್ಟಿತ್ತು. ಗೃಹಪ್ರವೇಶದ ದಿನ ಭಾವ ಹನುಮಂತರಾಯಪ್ಪನವರು ಉತ್ಸಾಹದಿಂದ ಮೈಕ್ ಹಿಡಿದು ಹಾಡಿದರು. ತಿಪ್ಪೇಸ್ವಾಮಿಯವರು ಮೊದಲ ಚರಣಕ್ಕೇ ಚಾ ಕುಡಿದು ಮುಗಿಸಿ, ಎರಡನೆಯದಕ್ಕೆ ಇನ್ನೊಂದು ತರಿಸಿಕೊಂಡರು. ಬಾಯಿ ಬಿಡುವ ಅಗತ್ಯವಿರಲಿಲ್ಲ, ನೆಂಟರಿಗೆಲ್ಲ ಆ ಚಾದ ಅರ್ಥ ಗೊತ್ತಿತ್ತು. ಅಂದಿನಿಂದ ಅಕ್ಕನ ಮನೆಯ ಬಾಗಿಲು ಇವರಿಗೆ ಮುಚ್ಚಿತು.

ಹೀಗೆ ವರ್ಷಗಳು ಕಳೆದ ಮೇಲೆ ಆ ಭಾವನ ಮಗಳು ಚೈತ್ರಾ ಕಾಲೇಜಿನ ಗೆಳತಿಯರನ್ನು ಕಟ್ಟಿಕೊಂಡು ಒಂದು ಕನ್ನಡ ರಾಕ್ ಆಲ್ಬಮ್ ಮಾಡಿದಳು. ಹಿಂದೂಪುರದಲ್ಲಿ ಮದುವೆ ವಿಡಿಯೋ ತಯಾರಿಸುವ ಸ್ಟುಡಿಯೋದಲ್ಲಿ ರೆಕಾರ್ಡಾದ ಅದರ ಹೆಸರು 'ಸೊಪ್ಪು'. ಮಾವ ಕೇಳದೆ ಆಲ್ಬಮ್ ಬಂದಂತೆಯೇ ಅಲ್ಲ ಎಂದು ಹಟ ಹಿಡಿದು, ಬಿಡುಗಡೆಯ ಶುಕ್ರವಾರ ತಾನೇ ರಾಯದುರ್ಗಕ್ಕೆ ಬಂದಳು. "ಅವನು ಚಾ ಕುಡುದ್ರೆ ಈ ಜನ್ಮದಾಗೆ ಅವನ ಮಕ ನೋಡಾಕಿಲ್ಲ" ಎಂದು ಅಪ್ಪ ಸಾರಿದ್ದನ್ನೂ ಜೊತೆಗೆ ತಂದಿದ್ದಳು.

ಬೆಳಿಗ್ಗೆಯೇ ಅಕ್ಕನ ಫೋನು ಬಂದಿತ್ತು. "ತಿಪ್ಪಾ, ಒಂದು ದಿನ ಚಾ ಬಿಟ್ರೆ ಜೀವ ಹೋಗ್ತದೇನೋ?"

"ಇವತ್ತು ಬಿಟ್ರ ಹಿಂದಿನ ಶುಕ್ರವಾರ ಎಲ್ಲಾ ಸುಳ್ಳಾಗ್ತಾವ ಅಕ್ಕಾ" ಎಂದು ತಿಪ್ಪೇಸ್ವಾಮಿಯವರು ಫೋನ್ ಇಟ್ಟರು. ಆಮೇಲೆ ಬಹಳ ಹೊತ್ತು ಒಂದೇ ಪ್ಯಾಂಟಿನ ಕಾಲು ಕತ್ತರಿಸುತ್ತ ನಿಂತಿದ್ದರು. ಅದು ಕೊನೆಗೆ ಚಡ್ಡಿಯಾಯಿತು.

ಮಧ್ಯಾಹ್ನ ಘಟಕ ತುಂಬಿತ್ತು. ಬಾಷಾ ಗ್ಲಾಸು ತಂದಿಟ್ಟ. ಕರೀ ಚಾ.

"ಹಾಲೆಲ್ಲಿ?"

"ಒಡದೈತಣ್ಣಾ. ಇದ ಐತಿ."

ಅವನೇ ಆಗಷ್ಟೇ ಕೊಟ್ಟ ಹಾಲಿನ ಚಾ ನನ್ನ ಕೈಯಲ್ಲಿತ್ತು. ಬೆನ್ನ ಹಿಂದೆ ಮರೆಮಾಡಿದೆ. ಕರೀ ಚಾ ಕೆನೆ ಕಟ್ಟುವುದಿಲ್ಲ. ಕೆನೆಯೇ ಕಟ್ಟದ ಚಾ ಕುಡಿದರೂ ಬಿಟ್ಟರೂ ತೀರ್ಪೆಂದು ಲೆಕ್ಕವಾಗದು ಎಂಬುದು ಬಾಷಾನ ರಾಜತಾಂತ್ರಿಕತೆ. ತಿಪ್ಪೇಸ್ವಾಮಿಯವರು ಅವನನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ ಬೆರಳೆತ್ತಿದರು.

ಮೂರು ಹಾಡು ಮುಗಿದವು, ಕೈ ಅಲ್ಲಾಡಲಿಲ್ಲ. ನಾಲ್ಕನೆಯದರಲ್ಲಿ ಗ್ಲಾಸಿಗೆ ಹೋಯಿತು. ಚೈತ್ರಾ ಸೆರಗಿಲ್ಲದ ತನ್ನ ಅಂಗಿಯ ತುದಿಯನ್ನೇ ಹಿಂಡತೊಡಗಿದಳು. ಗ್ಲಾಸು ಎದ್ದಿತು, ತುಟಿಯ ಹತ್ತಿರ ಬಂತು. ಅಷ್ಟರಲ್ಲಿ ಐದನೆಯ ಹಾಡು ಶುರುವಾಯಿತು. ಗ್ಲಾಸು ಅಲ್ಲೇ ನಿಂತಿತು. ಆಲ್ಬಮ್ ಮುಗಿಯುವವರೆಗೂ ಆ ಕೈ ಗಾಳಿಯಲ್ಲೇ ಇತ್ತು.

"ನಾಕನೇದು ತೆಗೀಬೇಕಿತ್ತವ್ವಾ" ಎಂದು ಅವರು ಕಣ್ಣು ತೆರೆದರು. ಚಾ ಇಣುಕಿ ನೋಡಿ, "ಹಾಲಿದ್ರ ಕೆನಿ ಕಟ್ಟಿರ್ತಿತ್ತು, ಉಳಿದದ್ದು ನಾ ಹೇಳೋದ ಬೇಕಿರಲಿಲ್ಲ. ಬಾಷಾ, ಭಾಳ ಶ್ಯಾಣೆ ಹಾಲಪ್ಪಾ ನಿಂದು" ಎಂದರು.

ಚೈತ್ರಾ ನಕ್ಕಳು. "ನಮ್ಮಪ್ಪನೂ ನಾಕನೇದು ಬ್ಯಾಡ ಅಂದ ಕಣ್ ಮಾವ. ನಾನೇ ಹಟ ಮಾಡಿ ಇಟ್ಟೆ."

ತಿಪ್ಪೇಸ್ವಾಮಿಯವರು ಗ್ಲಾಸು ಕೆಳಗಿಟ್ಟರು. "ಯಾರು, ಭಾವನಾ? ಅವರಿಗೆ ಕಿವಿ ಅದಾವ?"

"ಕಿವಿ ಚೆನ್ನಾಗವೆ ಮಾವ. ಬಾಯಿಂದೇ ತೊಂದ್ರೆ."

ಅವರು ಎದ್ದು ಚಪ್ಪಲಿ ಮೆಟ್ಟಿ, "ಮಡಕಶಿರಾ ಬಸ್ಸು ಎಷ್ಟೊತ್ತಿಗೈತಿ?" ಎಂದರು.

ಆಮೇಲೆ ಶುಕ್ರವಾರಗಳು ಮಡಕಶಿರಾಕ್ಕೆ ಬಡ್ತಿ ಪಡೆದವು. ನಾನು ಅವರನ್ನು ಕೊನೆಯದಾಗಿ ನೋಡಿದ್ದೂ ಅಲ್ಲೇ, ಭಾವನ ಮನೆಯ ಜಗಲಿಯಲ್ಲಿ. ಇಬ್ಬರು ಮುದುಕರು ಚಪ್ಪಲಿ ಬಿಟ್ಟು, ಎದುರಿಗೆ ಎರಡು ಗ್ಲಾಸು ಇಟ್ಟುಕೊಂಡು ಯಾವುದೋ ಹೊಸ ಆಲ್ಬಮ್ ಕೇಳುತ್ತಿದ್ದರು. ಎರಡೂ ಚಾ ಕೆನೆ ಕಟ್ಟಿದ್ದವು. ಬಸ್ಸಿಳಿದು ನಡೆದು ಬಂದಿದ್ದ ನಾನು ಅಕ್ಕ ಕೊಟ್ಟದ್ದನ್ನು ಬಿಸಿಬಿಸಿಯಾಗಿಯೇ ಕುಡಿದೆ. ತಿಪ್ಪೇಸ್ವಾಮಿಯವರು ಒಂದು ಕಣ್ಣು ತೆರೆದು ನನ್ನ ಖಾಲಿ ಗ್ಲಾಸನ್ನು ನೋಡಿದರು. "ಇರಲಿ ಬಿಡ್ರಿ ಭಾವ. ಮೇಷ್ಟ್ರು ಚಾ ಕುಡಿಯಾಕ ಬಂದಾರ."

ಅದಾಗಿ ಕೆಲವೇ ವಾರಕ್ಕೆ ತಿಪ್ಪೇಸ್ವಾಮಿಯವರು ತೀರಿಹೋದರು. ಈಗ ಶುಕ್ರವಾರ ಮಧ್ಯಾಹ್ನ ನಾನೂ ಫೋನಿನಲ್ಲಿ ಏನಾದರೊಂದು ಹೊಸ ಆಲ್ಬಮ್ ಹಚ್ಚಿ, ಚಪ್ಪಲಿ ಬಿಟ್ಟು, ಬಾಷಾನ ಚಾ ಎದುರಿಗಿಟ್ಟುಕೊಂಡು ಕೂರುತ್ತೇನೆ. ಎರಡನೆಯ ಹಾಡಿನೊಳಗೆ ಗ್ಲಾಸು ಖಾಲಿ. ತಪ್ಪು ಆಲ್ಬಮ್ಮಿನದೋ ನನ್ನದೋ ಎಂದು ಹೇಳಬೇಕಾದವರು ಇಲ್ಲ.