ಅಖಾಡದ ಮಣ್ಣಿನ ಮೇಲೆ ಬಿಳಿ ಗೆರೆ

"ಇದಿಷ್ಟೂ ಪಾರ್ಕಿಂಗಿಗೆ ಬರ್ತದ" ಎಂದು ಕೈ ಬೀಸುತ್ತ, ಗೆರೆ ಹಾಕಲು ಸುಣ್ಣದ ಪುಡಿ ಹಿಡಿದ ಎಂಜಿನಿಯರ್ ಸಾಹೇಬರು ಸಿಂದಗಿಯ ನಮ್ಮ ಕ್ರೀಡಾಂಗಣದ ಕುಸ್ತಿ ಅಖಾಡಕ್ಕೆ ಬೂಟುಗಾಲಿಟ್ಟೇಬಿಟ್ಟರು. ಹಿಂದೆ ನಿಂತು ಅವರಂತೆಯೇ ಕೈ ಬೀಸಿ ಅಣಕಿಸುತ್ತಿದ್ದ ನಾನು ಹಾಗೇ ಕಲ್ಲಾದೆ. ಆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ನಾವ್ಯಾರೂ ಒಳಗಿಳಿಯುವುದಿಲ್ಲ. ಸದಾ ಸೋಲುವ ನಾನು ಬೆನ್ನಿಗೂ ಹಚ್ಚಿಕೊಂಡೇ ಏಳುತ್ತೇನೆ. ಬೇರೆ ಅಖಾಡ ನಮಗಿಲ್ಲ.

ಪೈಲ್ವಾನರು ಮುಷ್ಟಿ ಬಿಗಿದು ಸುತ್ತುವರಿದರು. ಕುಸ್ತಿ ಕಲಿಸುವ ವಸ್ತಾದರು ಅವರನ್ನು ತಡೆದು, "ಸಾಹೇಬ್ರ, ಮೊದಲ ಬೂಟ ಕಳೀರಿ. ಆಮ್ಯಾಲ ಬೇಕಾದ್ರ ಗೆರಿ ಹೊಡೀರಿ" ಎಂದರು.

ಸಾಹೇಬರು ಬೂಟು ಕಳೆದರು. ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತು ಎಲ್ಲರ ಮುಖ ನೋಡಿದರು. "ನಾಳಿ ನೋಡೂಣ್ರಿ" ಎಂದು ಪುಡಿ ಚೆಲ್ಲದೆ ಹೊರಟರು.

ಆ ನಾಳೆ ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲೇ ನಿಂತು, ಮಣ್ಣಿನ ಮೇಲೆ ಬಿಳಿ ಗೆರೆ ಬಿದ್ದಿದೆಯಾ ಎಂದು ಇಣುಕುತ್ತೇನೆ. ಆಮೇಲಷ್ಟೇ ಉಸಿರು ಬಿಡುತ್ತೇನೆ.