ಚಮಚದ ಮೇಡಂ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆ ದಾಟಿದರೆ ಒಂದು ಉದ್ದನೆಯ ರೂಮು ಸಿಗುತ್ತದೆ. ಬಾಗಿಲ ಮೇಲೆ ಏನೋ ದೊಡ್ಡ ಹೆಸರು ಬರೆದಿದ್ದಾರೆ. ಅದನ್ನು ಯಾರೂ ಹೇಳುವುದಿಲ್ಲ. ಚಮಚದ ಮೇಡಂ ರೂಮು ಎಲ್ಲಿ ಎಂದು ಕೇಳಿದರೆ ವಾಚ್‌ಮನ್ ಕೂಡ ಕೈ ತೋರಿಸುತ್ತಾನೆ. ಬೇರೆ ಡಾಕ್ಟರುಗಳ ಕೋಟಿನ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಈ ಮೇಡಂ ಜೇಬಿನಲ್ಲಿ ಒಂದು ಸ್ಟೀಲ್ ಚಮಚ ಇರುತ್ತದೆ. ಐವತ್ತು ದಾಟಿದ ಕುಳ್ಳನೆಯ ಹೆಂಗಸು. ಅವರು ದನಿ ಎತ್ತಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಎತ್ತಿಸಲು ನನ್ನ ಕೈಲಾದಷ್ಟು ಮಾಡಿದ್ದೇನೆ.

ನಾನು ಗಾರೆ ಕೆಲಸದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಿಟ್ಟು ಮೂಗಿನ ತುದಿಯಲ್ಲಿ. ನನ್ನನ್ನು ಸಾಕಿದವಳು ಅಕ್ಕ, ಬಟ್ಟೆ ಹೊಲಿದು. ಹೋದ ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹಾಗೆಯೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಅದಕ್ಕಿಂತ ಕೆಟ್ಟದ್ದೆಂದರೆ, ಕುಡಿದ ನೀರು ಹೊಟ್ಟೆಗೆ ಇಳಿಯುವ ಬದಲು ಶ್ವಾಸದ ದಾರಿಗೆ ಜಾರುತ್ತಿತ್ತು.

ಮನೆಗೆ ಕಳಿಸುವಾಗ ವಾರ್ಡಿನವರು ನೀರು, ಹಾಲು ಗಟ್ಟಿ ಮಾಡುವ ಪುಡಿಯ ಒಂದು ಡಬ್ಬಿ, ಒಂದು ಕಾಗದ ಕೊಟ್ಟರು. ‘ದ್ರವ ಪದಾರ್ಥಗಳನ್ನು ಮಧ್ಯಮ ಸಾಂದ್ರತೆಗೆ ಪರಿವರ್ತಿಸಿ ನೀಡತಕ್ಕದ್ದು’ ಎಂದು ಅದರಲ್ಲಿ ಅಚ್ಚಾಗಿತ್ತು. ಅರ್ಥವಾಯಿತಾ ಎಂದು ಕೇಳಿದರು. ತಲೆ ಆಡಿಸಿದೆ. ನಮ್ಮ ಹಿಂದೆ ಇನ್ನೂ ಆರು ಜನ ನಿಂತಿದ್ದರು.

ಹನ್ನೆರಡನೇ ದಿನಕ್ಕೆ ಅಕ್ಕನಿಗೆ ಜ್ವರ. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಸದ್ದು. ಮತ್ತೆ ಅದೇ ವಾರ್ಡು. ಡಾಕ್ಟರು ಎಕ್ಸ್‌ರೇ ನೋಡಿ, “ಇನ್ನೊಂದ್ಸಲ ಹೀಗಾದ್ರೆ ಮೂಗಿಂದ ಟ್ಯೂಬ್ ಹಾಕ್ದೆ ಬೇರೆ ದಾರಿ ಇಲ್ಲ” ಎಂದರು. ಅಕ್ಕ ಎಡಗೈಯಲ್ಲಿ ನನ್ನ ಅಂಗಿ ಹಿಡಿದು ಎಳೆದಳು.

“ಟ್ಯೂಬು... ಬೇಡ ಕಣೋ. ಹಾಕಿದ್ರೆ... ಮನೆಗೆ... ಬರಲ್ಲ.”

ಅವಳು ಒಮ್ಮೆ ಬರಲ್ಲ ಎಂದರೆ ಬರುವವಳಲ್ಲ. ಆ ದಿನವೇ ನಮ್ಮನ್ನು, ಸರಿಯಾಗಿ ನುಂಗುವುದನ್ನು ಕಲಿಸುವ ಚಮಚದ ಮೇಡಂ ಹತ್ತಿರ ಕಳಿಸಿದರು.

ರೂಮಿನಲ್ಲಿ ಒಂದು ಕನ್ನಡಿ, ಎರಡು ಕುರ್ಚಿ, ಸಿಂಕು, ಗ್ಲಾಸುಗಳ ಸಾಲು. ಗೋಡೆಯ ಗಿಲಾವು ಒಂದು ಮೂಲೆಯಲ್ಲಿ ಎದ್ದಿತ್ತು. ನನ್ನ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ. ಮೇಡಂ ಅಕ್ಕನನ್ನು ಮಾತಾಡಿಸಿ, ನುಂಗಿಸಿ ನೋಡಿ, ಕುತ್ತಿಗೆಯ ಮೇಲೆ ಬೆರಳಿಟ್ಟು ಪರೀಕ್ಷೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ಡಬ್ಬಿ ಮುಂದಿಟ್ಟರು.

“ಮನೇಲಿ ಹೇಗೆ ಕಲಸ್ತೀರಿ? ಮಾಡಿ ತೋರ್ಸಿ.”

ಸರ್ರನೆ ಸಿಟ್ಟು ಏರಿತು. “ನಾನೇನು ಶಾಲೆ ಹುಡುಗನಾ? ಪರೀಕ್ಷೆ ತಗೋತೀರಾ? ಮೂವತ್ತು ವರ್ಷದಿಂದ ಕಲಸ್ತಾನೇ ಇದೀನಿ, ಸಿಮೆಂಟು!”

“ಹಾಗಾದ್ರೆ ಸುಲಭ ಆಯ್ತು, ಮೇಸ್ತ್ರಿ. ಕಲಸಿ.”

“ಅರ್ಥ ಆಗಿದೆ ಅಂದ್ನಲ್ಲ!”

“ಅರ್ಥ ಆಗಿದೆ ಅಂದವರನ್ನ ನಂಬೋದು ಬಿಟ್ಟು ತುಂಬ ವರ್ಷ ಆಯ್ತು” ಎಂದರು, ಅದೇ ತಣ್ಣನೆಯ ದನಿಯಲ್ಲಿ. “ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಬಂದಿದ್ರು, ಹೆಂಡ್ತಿ ಕರ್ಕೊಂಡು. ಅರ್ಧ ಗಂಟೆ ವಿವರಿಸಿದೆ. ಎಲ್ಲದಕ್ಕೂ ತಲೆ ಆಡಿಸಿದ್ರು. ಮನೆಗೆ ಹೋಗಿ ಆಯಮ್ಮನ್ನ ಮಲಗಿಸಿಕೊಂಡೇ ಹಾಲು ಕುಡಿಸಿದ್ರು. ತಪ್ಪು ಅವರದಲ್ಲ. ಮಾಡಿ ತೋರ್ಸಿ ಅಂತ ನಾನು ಕೇಳ್ಲಿಲ್ಲ.”

ಆಯಮ್ಮನಿಗೆ ಏನಾಯಿತೆಂದು ಹೇಳದೆ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

“ಲೋ” ಎಂದಳು ಅಕ್ಕ ಕುರ್ಚಿಯಿಂದ. “ಬಾಯಿ ಮುಚ್ಚಿ... ಕಲಸು.”

ಕಲಸಿದೆ. ಗ್ಲಾಸಿಗೆ ನೀರು, ಅಳತೆಯ ಪುಡಿ, ಗಂಟಾಗದ ಹಾಗೆ ಬೇಗ ಬೇಗ ತಿರುವಿದೆ. ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಬಿಗಿಯಾಗತೊಡಗಿತು. ಬಿಗಿಯಾಗುವ ಗಾರೆಗೆ ಏನು ಮಾಡುತ್ತೇವೋ, ಕೈ ತಾನಾಗಿಯೇ ಅದನ್ನೇ ಮಾಡಿತು. ಮೇಲಿಂದ ಒಂದಿಷ್ಟು ನೀರು ಚಿಮುಕಿಸಿ ಇನ್ನೊಮ್ಮೆ ತಿರುವಿದೆ.

“ಅಲ್ಲೇ ನಿಲ್ಸಿ” ಎಂದರು ಮೇಡಂ.

ಜೇಬಿನ ಚಮಚ ತೆಗೆದು ಗ್ಲಾಸಿನಲ್ಲಿ ಅದ್ದಿ ಎತ್ತಿದರು. ಮೊದಲು ಬರೀ ನೀರು ಸುರಿಯಿತು, ಆಮೇಲೆ ಒಂದು ಮುದ್ದೆ ಪೊತ್ತೆಂದು ಬಿತ್ತು. ಅಕ್ಕನ ಎದೆಗೆ ಹೋದದ್ದು ಆ ನೀರು. ದಿನಕ್ಕೆ ಆರು ಸಲ, ಹನ್ನೆರಡು ದಿನ, ನನ್ನ ಕೈಯಾರೆ.

ಮೇಡಂ ಈಗ ಬೈಯಲಿ ಎಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಅವರು ಗ್ಲಾಸು ತೊಳೆದು ತಂದು ಮತ್ತೆ ನನ್ನ ಮುಂದಿಟ್ಟರು.

“ಗಾರೆಗೆ ನೀರು ಹಾಕೋದು ನಿಮ್ಮ ಕಸುಬು. ಇದಕ್ಕೆ ಮಾತ್ರ ಆಮೇಲೆ ನೀರು ಹಾಕ್ಬೇಡಿ. ಗಟ್ಟಿಯಾದ್ರೆ ಚೆಲ್ಲಿ, ಹೊಸದು ಕಲಸಿ. ಈ ಕಾಗದದಲ್ಲಿ ಮಧ್ಯಮ ಸಾಂದ್ರತೆ ಅಂತಿದೆಯಲ್ಲ, ಅದೇನು ಗೊತ್ತಾ?”

“ಯಾರಿಗ್ ಗೊತ್ತಾಗುತ್ತೆ ಮೇಡಂ ಅದು? ಬರ್ದವನಿಗಾದ್ರೂ ಗೊತ್ತಾ? ಹದ ಅಂತ ಬರಿಯೋಕೆ ಏನು ರೋಗ?”

“ಯಾವ ಹದ? ನೀವೇ ಹೇಳಿ.”

ತೊಳೆದಿಟ್ಟ ಗ್ಲಾಸಿನಲ್ಲಿ ಅವರೇ ಸರಿಯಾಗಿ ಕಲಸಿ ತೋರಿಸಿದರು. ನಾನು ಅದರಲ್ಲಿ ಚಮಚ ಅದ್ದಿ ಎತ್ತಿದೆ. ಓರೆ ಮಾಡಿದೆ. ಅವಸರವಿಲ್ಲದೆ, ಧಾರೆ ಕಡಿಯದೆ ಇಳಿಯಿತು. “ಗೋಡೆಗೆ ಹೊಡೆಯೋ ಬಣ್ಣದ ಹದ. ನೀರಿನ ಹಾಗೆ ಓಡಬಾರದು, ಗಾರೆ ಹಾಗೆ ಕೂರಬಾರದು.”

ಮೇಡಂ ಕಾಗದ ಮಗುಚಿ ಅದರ ಬೆನ್ನಿಗೆ ಅದನ್ನೇ ಬರೆದುಕೊಂಡರು. ಆಮೇಲೆ ಆ ಗ್ಲಾಸಿನಿಂದ ಒಂದು ಚಮಚ ತಾವು ಕುಡಿದರು. ರೋಗಿಗೆ ಕೊಡುವುದನ್ನೆಲ್ಲ ಮೊದಲು ತಾವು ರುಚಿ ನೋಡುತ್ತಾರಂತೆ, ಇಷ್ಟು ವರ್ಷವೂ.

“ಹೇಗಿದೆ?” ಎಂದು ಕೇಳಿದೆ.

“ಕೆಟ್ಟದಾಗಿದೆ” ಎಂದರು. ಅಕ್ಕ ಲಕ್ವ ಹೊಡೆದ ಮೇಲೆ ಮೊದಲ ಸಲ ಜೋರಾಗಿ ನಕ್ಕಳು.

ಅಲ್ಲಿಂದ ಒಂದು ತಿಂಗಳು ಮನೆಯಲ್ಲಿ ನಮ್ಮದೇ ಒಂದು ಶಾಲೆ. ಬೆನ್ನು ನೆಟ್ಟಗೆ ಕೂರಿಸುವುದು, ಗದ್ದ ಎದೆಯ ಕಡೆ ಬಗ್ಗಿಸುವುದು, ಒಂದು ಚಮಚ, ನುಂಗಿದ್ದು ನೋಡಿ ಇನ್ನೊಂದು. ಕುಡಿದ ಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಮೇಡಂ ಪಕ್ಕದ ರೂಮಿನವರು ಸ್ವಾಧೀನ ತಪ್ಪಿದ ಕೈಗೆ ಕೆಲಸ ಕಲಿಸುತ್ತಾರೆ, ಎಲ್ಲರ ಬಾಯಲ್ಲಿ ಅವರು ‘ಕೈ ಸಾರ್’. ನೀವು ಕುಡಿಸಬೇಡಿ, ಅಕ್ಕನೇ ಕುಡಿಯಲಿ ಎಂದರು. ಚಮಚದ ಹಿಡಿ ಸಣ್ಣದಾಗಿ ಬೆರಳಿಗೆ ನಿಲ್ಲುತ್ತಿರಲಿಲ್ಲ. ಗಾರೆ ಮೆತ್ತುವ ನನ್ನ ಹಳೆಯ ಕರಣೆಯ ಮರದ ಹಿಡಿ ಬಿಚ್ಚಿ, ಉಜ್ಜಿ ನುಣುಪು ಮಾಡಿ, ಚಮಚಕ್ಕೆ ಜೋಡಿಸಿದೆ. ಅಕ್ಕನ ಬಲಗೈ ಅದನ್ನು ಹಿಡಿಯಿತು. ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಸೀರೆಯ ಮೇಲೆ. ಕಸಿದುಕೊಂಡು ಕುಡಿಸಿಬಿಡೋಣ ಎಂದು ಕೈ ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ.

“ನೋಡು” ಎನ್ನುತ್ತಿದ್ದಳು ಅಕ್ಕ, “ದೊಡ್ಡ... ಇನ್ಸ್‌ಪೆಕ್ಟರು.”

ತಿಂಗಳಾದ ಮೇಲೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹಿಂದೆ ಮುಂದೆ ಕೇಳಿದರು. ಮತ್ತೆ ಎಕ್ಸ್‌ರೇ. “ಕ್ಲಿಯರ್ ಇದೆ” ಎಂದರು. ಟ್ಯೂಬಿನ ಮಾತು ಎತ್ತಲೇ ಇಲ್ಲ. ನಾನೇ ಬಾಯಿ ಬಿಟ್ಟು ಕೇಳಿದೆ. “ಯಾಕ್ರೀ ಬೇಕು, ಇಷ್ಟು ಚೆನ್ನಾಗಿ ನುಂಗ್ತಿರುವಾಗ?” ಎಂದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಮುಖಕ್ಕೂ ಒರೆಸುವ ಕೆಲಸವಿತ್ತು, ಸೆರಗು ಇರಲಿಲ್ಲ.

ಈಗ ವಾರ್ಡಿನಲ್ಲಿ ಕೊಡುವ ಕಾಗದ ಬೇರೆ. ‘ಗೋಡೆಗೆ ಹೊಡೆಯುವ ಬಣ್ಣದ ಹದ. ಗಟ್ಟಿಯಾದರೆ ನೀರು ಹಾಕಬೇಡಿ, ಚೆಲ್ಲಿ, ಹೊಸದು ಕಲಸಿ’ ಎಂದು ದಪ್ಪ ಅಕ್ಷರದಲ್ಲಿದೆ. ಅಕ್ಕನನ್ನು ತೋರಿಸಲು ಹೋಗುವ ಬುಧವಾರಗಳಂದು ಮೇಡಂ ಹೊಸಬರಿಗೆ ಕಲಸುವುದನ್ನು ನನ್ನಿಂದಲೇ ಮಾಡಿಸುತ್ತಾರೆ. ಎದ್ದಿದ್ದ ಗಿಲಾವನ್ನೂ ಒಂದು ದಿನ ಸರಿ ಮಾಡಿಕೊಟ್ಟೆ.

ಹೋದ ಬುಧವಾರ ಒಬ್ಬ ವಕೀಲರು ಬಂದಿದ್ದರು, ತಂದೆಯನ್ನು ಕರೆದುಕೊಂಡು. ನಾನು ಕಲಸಿ ತೋರಿಸಿದ್ದಕ್ಕೆಲ್ಲ ಹೂಂ ಹೂಂ ಎಂದು ತಲೆ ಆಡಿಸಿ, ಗಡಿಯಾರ ನೋಡಿಕೊಂಡು, “ಅರ್ಥ ಆಯ್ತು, ಬರ್ತೀನಿ” ಎಂದು ಎದ್ದರು.

“ಕೂತ್ಕೊಳ್ಳಿ ಸಾರ್” ಎಂದೆ. ಗ್ಲಾಸು ತೊಳೆದು ಅವರ ಮುಂದಿಟ್ಟೆ. “ಮಾಡಿ ತೋರ್ಸಿ.”

“ನಾನೇನ್ರೀ ಶಾಲೆ ಹುಡುಗನಾ?”

ಮೇಡಂ ನಗು ತಡೆಯಲು ಸಿಂಕಿನ ಕಡೆ ತಿರುಗಿಕೊಂಡರು. ಅಕ್ಕ ಕರಣೆ ಹಿಡಿಯ ಚಮಚವನ್ನು ಬಲಗೈಯಲ್ಲೇ ಎತ್ತಿ ವಕೀಲರ ಕಡೆ ಚಾಚಿದಳು.

“ಸುಮ್ನೆ... ಕಲಸಿ, ಸಾರ್. ಇವನು... ಬಿಡೋನಲ್ಲ.”